ಮೇಷ್ಟ್ರ ಮನೆ ಮುಂದಿನ ಕಣಜ

ಬೈರಮ್ಮ ಹಾಲು ಕೊಡಲು ಬಂದಿದ್ದೇ ಎಲ್ಲಕ್ಕೂ ಮೂಲವಾಯಿತು. ಭಾನುವಾರ ಬೆಳಿಗ್ಗೆ ಆಕೆ ಕೃಷ್ಣಮೂರ್ತಿ ಮೇಷ್ಟ್ರ ಗೇಟು ತೆಗೆದು ಒಳಗೆ ಕಾಲಿಟ್ಟಳೋ ಇಲ್ಲವೋ, ಅಂಗಳದ ಮರಳಿನ ತೂತಿನಿಂದ ಕಪ್ಪಗೆ ಉದ್ದಕ್ಕಿದ್ದ ಒಂದು ಕಣಜ ಗುಂಯ್ ಎಂದು ಮೇಲೆದ್ದಿತು. ಬೈರಮ್ಮ ಹಾಲಿನ ಕ್ಯಾನನ್ನು ಎಳೆಗೂಸಿನಂತೆ ಎದೆಗವಚಿಕೊಂಡು ಬೀದಿಗೆ ಓಡಿದಳು. ಕಿರಂಗೂರಿನ ಆ ಬೀದಿಯಲ್ಲಿ ಬೈರಮ್ಮ ಓಡಿದ್ದನ್ನು ಅದುವರೆಗೆ ಯಾರೂ ಕಂಡವರಲ್ಲ. ಹೀಗಾಗಿ ಕಾಫಿ ಲೋಟಗಳನ್ನು ಕೈಯಲ್ಲಿ ಹಿಡಿದುಕೊಂಡೇ ಜನ ಮೇಷ್ಟ್ರ ಗೇಟಿನ ಮುಂದೆ ನೆರೆದರು.

ಕಾಂಪೌಂಡು ಕಟ್ಟಿಸಿದಾಗ ಉಳಿದ ಮರಳನ್ನು ಮೇಷ್ಟ್ರು ಅಂಗಳಕ್ಕೆಲ್ಲ ಹರಡಿಸಿದ್ದರು. ಈಗ ಅದು ದೋಸೆಯಂತೆ ತೂತುತೂತಾಗಿತ್ತು. ಪಂಚಾಯಿತಿ ಮೆಂಬರು ದೇವರಾಜು ಬಂದಿದ್ದು ಬರಿಗೈಯಲ್ಲಲ್ಲ. ಗದ್ದೆಗೆ ಔಷಧಿ ಹೊಡೆಯುವ ಟ್ಯಾಂಕನ್ನು ಬೆನ್ನಿಗೇರಿಸಿಕೊಂಡು, ಯುದ್ಧಕ್ಕೆ ಹೊರಟವರಂತೆ ಬಂದಿದ್ದರು.

ಕೃಷ್ಣಮೂರ್ತಿ ಪಾಂಡವಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಜಗಳವೆಂದರೆ ಅವರಿಗೆ ಆಗದು. ತರಕಾರಿ ಅಂಗಡಿಯವನು ಕೊಳೆತ ಟೊಮೇಟೊ ಹಾಕಿದರೂ ಸುಮ್ಮನೆ ತರುವವರು. ಆದರೆ ಈಚೆಗೆ ದಿನಾ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಅವರು ಈ ಕಣಜಗಳನ್ನು ನೋಡುತ್ತಿದ್ದರು. ಹೆಣ್ಣು ಕಣಜ ಮುಂಗಾಲಿನಿಂದ ಮರಳನ್ನು ಎಳೆದೆಳೆದು ಹಿಂದಕ್ಕೆ ಎಸೆಯುವುದು, ತನಗಿಂತ ದಪ್ಪನೆಯ ಮಿಡತೆಯನ್ನು ಹೊತ್ತು ತಂದು ಬಾಗಿಲಲ್ಲಿಟ್ಟು, ಒಳಗೊಮ್ಮೆ ಹೋಗಿ ಬಂದು, ಆಮೇಲೆ ಅದನ್ನು ಎಳೆದುಕೊಳ್ಳುವುದು, ಇದೆಲ್ಲ ಕಂಡು ಅವರಿಗೆ ಅದರ ಮೇಲೆ ಮನೆಮಗಳ ಮೇಲಿನಂಥ ಅಕ್ಕರೆ ಹುಟ್ಟಿತ್ತು. ಅದಕ್ಕೇ ಅಂದು ಅವರು ಟ್ಯಾಂಕಿನ ಮುಂದೆ ಅಡ್ಡ ನಿಂತುಬಿಟ್ಟರು.

ಇವು ಗೂಡು ಕಟ್ಟಿ ಗುಂಪಾಗಿ ಮೇಲೆ ಬೀಳುವ ಜಾತಿಯಲ್ಲ, ನೆಲ ತೋಡುವ ಕಣಜ, ಪ್ರತಿಯೊಂದೂ ಒಂಟಿಯಾಗಿ ತನ್ನ ಸಂಸಾರ ನೋಡಿಕೊಳ್ಳುತ್ತದೆ, ನಾವು ಮುಟ್ಟದಿದ್ದರೆ ಅದೂ ನಮ್ಮನ್ನು ಮುಟ್ಟುವುದಿಲ್ಲ ಎಂದು ಪಾಠದ ದನಿಯಲ್ಲೇ ವಿವರಿಸಿದರು. ದೇವರಾಜು ಪೂರ್ತಿ ಕೇಳಿಸಿಕೊಂಡರು.

"ಎಲ್ಲಾ ಸರಿ ಮೇಷ್ಟ್ರೇ. ಇದರ ಎಸರೇನು?"

ಅದರ ಹೆಸರು ಮೇಷ್ಟ್ರಿಗೂ ಗೊತ್ತಿರಲಿಲ್ಲ.

"ಎಸರು ಗೊತ್ತಿಲ್ದೋರ್ಗೆ ಜಾಮೀನು ನಿಂತ್ಕತಾರಾ ಯಾರಾದ್ರೂವೆ? ಒತ್ತು ಮುಳ್ಗೋದ್ರೊಳ್ಗೆ ಎಸರು ಏಳಿ, ಟ್ಯಾಂಕು ಎತ್ಕಂಡು ಒಂಟೋಯ್ತೀನಿ. ಇಲ್ದಿದ್ರೆ ಔಸ್ದಿ ಒಡ್ದೇ ಒಡೀತೀನಿ," ಎಂದು ದೇವರಾಜು ಟ್ಯಾಂಕನ್ನು ಜಗುಲಿಗೆ ಒರಗಿಸಿ ಅಲ್ಲೇ ಕೂತರು.

ಮೇಷ್ಟ್ರು ಹೆಂಡತಿ ಜಯಲಕ್ಷ್ಮಮ್ಮನ ಹಿಟ್ಟಿನ ಜರಡಿಯನ್ನು ತೂತಿನ ಮೇಲೆ ಕವುಚಿ ಒಂದು ಹೆಣ್ಣು ಕಣಜವನ್ನು ಹಿಡಿದರು. ಸ್ಟೀಲ್ ಡಬ್ಬಿಗೆ ಹಾಕಿ, ಮಂಪರು ಬರಲೆಂದು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟರು. ಇನ್ನು ಆ ಮೊಸರನ್ನು ನೀವೇ ಉಣ್ಣಿ ಎಂದು ಜಯಲಕ್ಷ್ಮಮ್ಮ ಅಡುಗೆಮನೆಯಿಂದಲೇ ತೀರ್ಪು ಕೊಟ್ಟರು.

ಸ್ವಲ್ಪ ಹೊತ್ತಿಗೆ ಕಣಜ ನಿದ್ದೆಗೆ ಜಾರಿತು. ಮೇಷ್ಟ್ರ ತಂದೆ ಚಿನ್ನದ ಕೆಲಸ ಮಾಡುತ್ತಿದ್ದವರು; ಅವರ ಚಿಮಟ, ಭೂತಗನ್ನಡಿ ಎರಡೂ ಮನೆಯಲ್ಲಿದ್ದವು. ಮೇಷ್ಟ್ರು ಕೀಟಗಳ ಪುಸ್ತಕ ತೆರೆದರು. ಹೀಗಿದ್ದರೆ ಆ ಪುಟಕ್ಕೆ ಹೋಗಿ, ಹಾಗಿದ್ದರೆ ಈ ಪುಟಕ್ಕೆ ಹೋಗಿ ಎನ್ನುವ ಪುಸ್ತಕ ಅದು. ಮುಂಗಾಲಿನಲ್ಲಿ ಬಾಚಣಿಗೆಯಂಥ ಮುಳ್ಳಿನ ಸಾಲಿದೆಯೇ? ಇದೆ. ರೆಕ್ಕೆಯ ನರಗಳ ನಡುವಿನ ಮನೆಗಳು ಎಷ್ಟಿವೆ? ಬೀದಿಯ ಜನ ಕಿಟಕಿಯಿಂದ ಇಣುಕಿ, ತಲೆಗೊಂದು ಲೆಕ್ಕ ಹೇಳಿದರು. ಮುಖದ ರೋಮ ಬೆಳ್ಳಿಯದೋ ಬಂಗಾರದ್ದೋ? ಬಂಗಾರ ಎಂದರು ಮೇಷ್ಟ್ರು. ಹಿತ್ತಾಳೆ ಎಂದರು ದೇವರಾಜು. ಅಕ್ಕಸಾಲಿಗರ ಮನೆಯಲ್ಲಿ ಹುಟ್ಟಿದವನಿಗೆ ಬಂಗಾರ ಯಾವುದೆಂದು ಹೇಳಿಕೊಡಬೇಡಿ ಎಂದು ಮೇಷ್ಟ್ರು ಜೀವಮಾನದಲ್ಲಿ ಮೊದಲ ಸಲ ದನಿ ಏರಿಸಿದರು. ಆದರೇನು, ಯಾವ ದಾರಿ ಹಿಡಿದರೂ ಪುಸ್ತಕ ಅವರನ್ನು ಮತ್ತೆ ಮೊದಲ ಪುಟಕ್ಕೇ ತಂದು ಬಿಡುತ್ತಿತ್ತು.

ಕೊನೆಗೆ ಫೋಟೊ ತೆಗೆದು ಭೂಮಿಕಳಿಗೆ ಕಳಿಸಿದರು. ಅವರ ಹಳೇ ಶಿಷ್ಯೆ, ಬೆಂಗಳೂರಿನಲ್ಲಿ ಕಣಜಗಳ ಮೇಲೇ ಸಂಶೋಧನೆ ಮಾಡುವವಳು. ತಕ್ಷಣ ಫೋನು ಬಂತು. ಹಾಸನಕ್ಕೆ ಹೊರಟಿದ್ದೇನೆ, ಮಧ್ಯಾಹ್ನ ಬೆಳ್ಳೂರು ಕ್ರಾಸಿನಲ್ಲಿ ಊಟಕ್ಕೆ ನಿಲ್ಲುತ್ತೇನೆ, ಹೇಗಾದರೂ ಮಾಡಿ ಅದನ್ನು ಅಲ್ಲಿಗೆ ತನ್ನಿ ಎಂದಳು.

ಎದುರುಮನೆಯ ಚಲುವರಾಜು ಬೈಕು ತೆಗೆದ. ಮೇಷ್ಟ್ರು ಐಸು ತುಂಬಿದ ಪಾತ್ರೆಯಲ್ಲಿ ಡಬ್ಬಿ ಇಟ್ಟುಕೊಂಡು ಹಿಂದೆ ಕೂತರು. ಪಾಂಡವಪುರ ದಾಟುವವರೆಗೆ ಎಲ್ಲ ಸುಗಮ. ನಾಗಮಂಗಲ ಬರುವಷ್ಟರಲ್ಲಿ ಐಸೆಲ್ಲ ನೀರಾಗಿ ಮೇಷ್ಟ್ರ ಪ್ಯಾಂಟಿಗೆ ಇಳಿದಿತ್ತು. ಊರಾಚೆಯ ಹಂಪಿನಲ್ಲಿ ಬೈಕು ಹಾರಿತು, ಡಬ್ಬಿಯ ಮುಚ್ಚಳವೂ ಹಾರಿತು. ಎಚ್ಚರಗೊಂಡ ಕಣಜ ಹತ್ತಿರದಲ್ಲೇ ಕಂಡ ಕತ್ತಲ ಸಂದಿಗೆ, ಎಂದರೆ ಚಲುವರಾಜುವಿನ ಕಾಲರಿನೊಳಕ್ಕೆ ಇಳಿಯಿತು.

ಚಲುವರಾಜು ಬೈಕು ನಿಲ್ಲಿಸಿ ಕಂಬದಂತೆ ನಿಂತ. "ಸಾ, ಬೆನ್ಮ್ಯಾಲೆ ನಡೀತಾವ್ಳೆ."

"ಅಲ್ಲಾಡಬೇಡ ಕಣಯ್ಯ, ಅವಳ ಕಾಲಿನ ಮುಳ್ಳು ಮುರಿದುಹೋಗುತ್ತೆ," ಎಂದರು ಮೇಷ್ಟ್ರು.

ನಡುರಸ್ತೆಯಲ್ಲಿ ಒದ್ದೆ ಪ್ಯಾಂಟಿನ ಹಿರಿಯರೊಬ್ಬರು ಇನ್ನೊಬ್ಬನ ಅಂಗಿ ಬಿಚ್ಚುತ್ತಿರುವುದನ್ನು ಕಂಡು ಒಂದು ಬಸ್ಸೂ ಎರಡು ಟ್ರಾಕ್ಟರೂ ನಿಂತವು. ಕಣಜ ಮೇಷ್ಟ್ರ ಕೈಗೆ ಸಿಕ್ಕಿತು. ಆದರೆ ಸಿಗುವ ಮುಂಚೆ ಚಲುವರಾಜುವಿನ ಕತ್ತಿಗೆ ಚೆನ್ನಾಗಿ ಕಚ್ಚಿತ್ತು. ಕಚ್ಚಲ್ಲ ಅಂದಿದ್ರಲ್ಲ ಎಂದು ಅವನು ಬೆಳ್ಳೂರಿನವರೆಗೂ ಗೊಣಗಿದ. ಈ ವಿಷಯ ಊರಿನಲ್ಲಿ ಬಾಯಿಬಿಡಬೇಡವೆಂದು ಮೇಷ್ಟ್ರು ಬೆಳ್ಳೂರಿನವರೆಗೂ ಬೇಡಿಕೊಂಡರು.

ಹೋಟೆಲಿನ ಮೇಜಿನ ಮೇಲೆ ಭೂಮಿಕ ಪುಟ್ಟ ಸೂಕ್ಷ್ಮದರ್ಶಕ ಇಟ್ಟು, ಕಣಜವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅವಳ ಮುದ್ದೆ ಆರಿ ಕಲ್ಲಾಯಿತು. ಕೊನೆಗೆ ತಲೆಯೆತ್ತಿದಾಗ ಕಣ್ಣುಗಳು ಹೊಳೆಯುತ್ತಿದ್ದವು.

"ಸಾರ್, ಇದು ಗೊತ್ತಿರೋ ಯಾವ ಜಾತಿಗೂ ಸೇರ್ತಿಲ್ಲ. ಇದನ್ನ ಇನ್ನೂ ಯಾರೂ ಗುರುತಿಸಿದ ಹಾಗಿಲ್ಲ. ಮೊದಲು ಕಂಡೋರು ನೀವೇ."

ವರ್ಷಾನುಗಟ್ಟಲೆ ಬಾಟಲಿಯಲ್ಲಿ ನೆನೆದ ಕಪ್ಪೆಯನ್ನೇ ತೋರಿಸಿ ಪಾಠ ಮಾಡಿದ್ದ ಮೇಷ್ಟ್ರು ಎದ್ದು ನೇರ ಗಲ್ಲಾದ ಕಡೆಗೆ ನಡೆದರು. ಹೋಟೆಲಿನಲ್ಲಿದ್ದ ಗುರುತಿಲ್ಲದವರಿಗೆಲ್ಲ ಮೈಸೂರು ಪಾಕು ಹಂಚಿಸಿದರು. ಭೂಮಿಕ ಚಲುವರಾಜುವಿನ ಕತ್ತಿನ ಬಾವನ್ನೂ ಬಿಡಲಿಲ್ಲ. ಎಷ್ಟು ಉರಿಯಿತು, ಹೇಗೆ ಉರಿಯಿತು ಎಂದು ಕೇಳಿ ಫೋಟೊ ತೆಗೆದುಕೊಂಡಳು. ಕಣಜವನ್ನು ತಾನೇ ಇಟ್ಟುಕೊಂಡು ಹಾಸನದ ಕಡೆ ಹೊರಟಳು.

ಮೇಷ್ಟ್ರು ಬೈಕಿನ ಮೇಲೆ ರಥದಲ್ಲಿ ಕೂತ ರಾಜನಂತೆ ಮರಳಿದರು. ಊರು ಹತ್ತಿರವಾದಾಗಲಷ್ಟೇ ಅವರಿಗೆ ಹೊಳೆಯಿತು: ದೇವರಾಜು ಕೇಳಿದ್ದು ಹೆಸರು, ತಾವು ತಂದದ್ದು ಹೆಸರೇ ಇಲ್ಲ ಎಂಬ ಸುದ್ದಿ.

ಹೊತ್ತು ಇಳಿದಿತ್ತು. ಬೀದಿಯ ಜನವೆಲ್ಲ ಸೇರಿದ್ದರು. ಮೇಷ್ಟ್ರು ಹೇಳಿದ್ದನ್ನು ಕೇಳಿ ದೇವರಾಜು ಟ್ಯಾಂಕಿನ ಪಟ್ಟಿಗೆ ಕೈ ಹಾಕಿದರು. ಅಷ್ಟರಲ್ಲಿ ಯಾರೋ ಚಲುವರಾಜುವಿನ ಕತ್ತಿನ ಬಾವು ನೋಡಿ ಏನಾಯ್ತಲಾ ಎಂದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

ಚಲುವರಾಜು ಕತ್ತು ನಿಗುರಿಸಿ ಎಲ್ಲರಿಗೂ ಕಾಣುವಂತೆ ತಿರುಗಿದ. "ಕಣಜ ಕಚ್ತು. ಮೇಡಮ್ಮು ಪಟ ತಕ್ಕಂಡವ್ರೆ. ಈ ಜಾತಿ ಉಳದ ಕೈಲಿ ಕಚ್ಚಿಸ್ಕಂಡೋನು ಪ್ರಪಂಚದಾಗೆ ನಾನೇ ಮೊದ್ಲು ಕಣ್ರಲಾ."

ಮರುಗಳಿಗೆಗೆ ಎಲ್ಲರೂ ಆ ಬಾವನ್ನು ಮುಟ್ಟಿ ನೋಡಲು ಮುಗಿಬಿದ್ದರು. ಪ್ರಪಂಚದಲ್ಲೆಲ್ಲೂ ಕಾಣದ್ದು ಕಿರಂಗೂರಿನ ಮರಳಿನಲ್ಲಿದೆ ಎಂಬ ಮಾತು ಹಿಂದಿನ ಸಾಲಿನವರಿಗೆ ತಲುಪುವಷ್ಟರಲ್ಲಿ ದೇವರಾಜು ಟ್ಯಾಂಕನ್ನು ಮನೆಗೆ ಸಾಗಿಸಿ, ಹಗ್ಗ, ಗೂಟ ತರಿಸಿ ಅಂಗಳದ ಸುತ್ತ ಬೇಲಿ ಬಿಗಿಸಿದರು. ಇನ್ನು ಮುಂದೆ ಒಂದು ಕಣಜವನ್ನೂ ಯಾರೂ ಮುಟ್ಟಕೂಡದೆಂದು ಎಲ್ಲರಿಂದಲೂ ಒಪ್ಪಿಗೆ ಪಡೆದರು. ತಮ್ಮ ಹೆಗಲ ಮೇಲಿದ್ದ ಶಾಲನ್ನೇ ಮೇಷ್ಟ್ರಿಗೆ ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು. ಕೃಷ್ಣಮೂರ್ತಿಯವರಿಗೆ ತಾವು ಒಂದಷ್ಟು ಎತ್ತರವಾದಂತೆ ಅನ್ನಿಸಿತು.

ಆಗ ಫೋನು ಬಂತು. ಭೂಮಿಕ. ಹೆಣ್ಣೊಂದನ್ನೇ ನೋಡಿ ಇದನ್ನು ಯಾವ ಗುಂಪಿಗೆ ಸೇರಿಸಬೇಕೆಂದು ತೀರ್ಮಾನಿಸಲಾಗದು, ಗಂಡು ಬೇಕೇ ಬೇಕು, ನಾಳೆ ವಾಪಸು ಬರುವಾಗ ಒಯ್ಯುತ್ತೇನೆ, ಒಂದು ಗಂಡು ಹಿಡಿದಿಡಿ ಸಾರ್ ಎಂದಳು. ಅದಿಲ್ಲದೆ ಕೆಲಸ ಮುಂದೆ ಸಾಗುವುದಿಲ್ಲ.

ಮೇಷ್ಟ್ರು ಉತ್ಸಾಹದಿಂದ ಬಲೆ ಹಿಡಿದು ಬಂದರು. ಹಗ್ಗದ ಬಳಿ ಬೈರಮ್ಮ ಕೈ ಅಡ್ಡ ಹಿಡಿದಳು.

"ಗಂಡ್ನ ಇಡ್ಕಂಡೋದ್ರೆ ಆ ಎಣ್ಣಿನ ಗತಿ ಏನ್ರಪ್ಪಾ? ಬ್ಯಾಡಿ ಮೇಷ್ಟ್ರೇ, ಪಾಪ ಸುತ್ಕತದೆ."

ಗಂಡು ಗುಳಿ ತೋಡುವುದಿಲ್ಲ, ಮಿಡತೆ ತರುವುದಿಲ್ಲ, ಸುಮ್ಮನೆ ಸುತ್ತಾಡಿಕೊಂಡಿರುತ್ತದೆ, ಅದರಿಂದ ಸಂಸಾರಕ್ಕೆ ನಷ್ಟವಿಲ್ಲ ಎಂದು ಮೇಷ್ಟ್ರು ವಿವರಿಸಿದರು. ಇದನ್ನು ಕೇಳಿ ಹೆಂಗಸರು ತಮ್ಮ ತಮ್ಮ ಗಂಡಂದಿರ ಕಡೆ ನೋಡಿದರು. ಗಂಡಸರೆಲ್ಲ ಒಟ್ಟಾಗಿ ಗಂಡು ಕಣಜದ ಪರ ನಿಂತರು. ಹಾಗಾದರೆ ಇದಕ್ಕೆ ಹೆಸರಿಡಲಾಗುವುದಿಲ್ಲ, ಯಾವ ಪುಸ್ತಕದಲ್ಲೂ ಇದು ಸೇರುವುದಿಲ್ಲ ಎಂದು ಮೇಷ್ಟ್ರು ದೇವರಾಜುವಿನ ಮುಂದೆ ಅಂಗಲಾಚಿದರು.

"ಎಸರು ಕಟ್ಕಂಡು ಏನಾಗ್ಬೇಕು ಬುಡಿ ಮೇಷ್ಟ್ರೇ," ಎಂದರು ದೇವರಾಜು. "ಊರೇ ಒಪ್ಕಂಡದೆ. ನಮ್ಗೆ ಬುದ್ಧಿ ಏಳ್ದೋರು ನೀವೇಯಾ, ನೀವೇ ಇಂಗಂದ್ರೆ ಎಂಗೆ?"

ಮೇಷ್ಟ್ರು ಶಾಲು ಹೊದ್ದುಕೊಂಡೇ ಬಂದು ಮೆಟ್ಟಿಲ ಮೇಲೆ ಕೂತರು. ಸಂಜೆಬಿಸಿಲಿನಲ್ಲಿ ಸಣ್ಣದೊಂದು ಕಣಜ ಅಂಗಳವನ್ನು ಸುತ್ತು ಹಾಕಿ ಬಂದು ಅವರ ಮಂಡಿಯ ಮೇಲೆ ಇಳಿಯಿತು. ಮುಂಗಾಲಿನಲ್ಲಿ ಬಾಚಣಿಗೆಯಿಲ್ಲ, ಮೈ ಸಪೂರ, ಗಂಡೇ ಸರಿ. ಬಲೆ ಕೈಯಲ್ಲೇ ಇತ್ತು. ಹಗ್ಗದಾಚೆ ಊರಿಗೆ ಊರೇ ಉಸಿರು ಬಿಗಿಹಿಡಿದು ಅವರ ಕೈಯನ್ನೇ ನೋಡುತ್ತಿತ್ತು. ಜಯಲಕ್ಷ್ಮಮ್ಮ ಹಿಂದಿನಿಂದ ಸದ್ದಿಲ್ಲದೆ ಬಂದು, ಗಂಡನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಲೆಯನ್ನು ಒಳಗೆ ತೆಗೆದುಕೊಂಡು ಹೋದರು.