ಬಿಸಿಲಿಗೆ ಹಾಕಿದ ಲ್ಯಾಪ್‌ಟಾಪ್

ಗುಡಗೇರಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಮನುಷ್ಯ ನಾನು. ಅಂಗಡಿ ಯಾರೂ ಇಟ್ಟುಕೊಟ್ಟದ್ದಲ್ಲ, ಸ್ವಂತ ಕಟ್ಟಿದ್ದು. ಆದ್ದರಿಂದ ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುವ ಹಕ್ಕು ನನಗಿದೆ ಎಂದು ದೃಢವಾಗಿ ನಂಬಿದ್ದೇನೆ. ಮೆಣಸಿನಕಾಯಿಗೆ ದುಡ್ಡು, ಸಲಹೆ ಪುಕ್ಕಟೆ!

ಮಗಳು ಶೈಲಾಗೆ ಹುಬ್ಬಳ್ಳಿಯ ಒಂದು ಶಾಲೆಯಿಂದ ಗಣಿತ ಶಿಕ್ಷಕಿಯ ಕೆಲಸಕ್ಕೆ ಕರೆ ಬಂದಿತ್ತು. ಮಧ್ಯಾಹ್ನ ಲ್ಯಾಪ್‌ಟಾಪ್ ಮುಂದೆ ಕೂತು, ವಿಡಿಯೋದಲ್ಲಿ ಒಂದು ಪಾಠ ಮಾಡಿ ತೋರಿಸಬೇಕು. ಪಾಠ ಚೆನ್ನಾಗಿ ಆದರೆ ಕೆಲಸ. ಬಿ.ಎಡ್. ಮುಗಿಸಿದಾಗಿನಿಂದ ಹುಡುಗಿ ಕಾಯುತ್ತಿದ್ದುದು ಇದಕ್ಕೇ. ಇಂಥ ದಿನ ತಂದೆಯಾದವನು ಕೈಕಟ್ಟಿ ಕೂಡಬಹುದೇ? ಅಂಗಡಿ ತೆರೆದ ಕೂಡಲೇ ತಕ್ಕಡಿ ಒರೆಸುವುದು ನನ್ನ ಪದ್ಧತಿ. ಅದೇ ಪದ್ಧತಿಯಂತೆ, ಚಾಲೂ ಇದ್ದ ಅವಳ ಲ್ಯಾಪ್‌ಟಾಪನ್ನು ಬಟ್ಟೆಯಿಂದ ಉಜ್ಜಿ ಉಜ್ಜಿ ಒರೆಸಿದೆ. ಒಂದೊಂದು ಕೀಲಿಯೂ ಹೊಳೆಯಿತು!

ಸ್ವಲ್ಪ ಹೊತ್ತಿಗೆ ಒಳಗಿನಿಂದ ಶೈಲಾಳ ದನಿ ಬಂತು.

"ಅಪ್ಪಾ, ಟಚ್‌ಪ್ಯಾಡ್ ಕೆಲಸ ಮಾಡವಲ್ದು. ಬಾಣ ಇದ್ದಲ್ಲೇ ನಿಂತೈತಿ."

ನಾನೂ ಬೆರಳಿಟ್ಟು ಎಳೆದೆ. ಎಡಕ್ಕೆ ಎಳೆದೆ, ಬಲಕ್ಕೆ ಎಳೆದೆ. ಪರದೆಯ ಮೇಲಿನ ಬಾಣ, ಹಟಕ್ಕೆ ಬಿದ್ದ ಎಮ್ಮೆಯ ಹಾಗೆ ನಿಂತೇ ಇತ್ತು.

"ಏನ್ ಮಾಡಬ್ಯಾಡ ನೀ," ಎಂದಳು ಶೈಲಾ. "ಕುಂದಗೋಳಕ್ಕ ಹೋಗಿ ಒಂದು ಮೌಸ್ ತಂದ್ಬಿಡು. ಅಷ್ಟೊತ್ತಿಗೆ ನಾ ಪಾಠ ತಯಾರಿ ಮಾಡ್ಕೋತೀನಿ."

ಗಾಡಿ ಹತ್ತಿ ಹೋದೆ. ಅಂಗಡಿಯವನು ಒಂದು ರೇಟು ಹೇಳಿದ, ನಾನು ಅದರ ಅರ್ಧ ಹೇಳಿದೆ. ಆಗೂದಿಲ್ಲ ಅಂದ. ಆಗ ನಾನು ನನ್ನ ಬ್ರಹ್ಮಾಸ್ತ್ರ ತೆಗೆದೆ: "ಹಂಗಾರ ಬ್ಯಾಡ ಬಿಡ್ರಿ" ಎಂದು ಹೊರಟುಬಿಟ್ಟೆ! ನಮ್ಮ ವ್ಯಾಪಾರದಲ್ಲಿ ಹೀಗೆ ಹೊರಟವನನ್ನು ನಾಲ್ಕು ಹೆಜ್ಜೆ ಇಡುವುದರೊಳಗೆ "ಬರ್ರಿ ಅಣ್ಣಾರ, ಸಿಟ್ಟಾಗಬ್ಯಾಡ್ರಿ" ಎಂದು ಕರೆಯಲೇಬೇಕು. ನಿಧಾನವಾಗಿ ನಡೆದೆ. ಇನ್ನೂ ನಿಧಾನವಾಗಿ ನಡೆದೆ. ಗಾಡಿಯ ಕನ್ನಡಿ ಸರಿ ಮಾಡುವ ನೆಪದಲ್ಲಿ ಹಿಂದೆ ನೋಡಿದೆ. ಆತ ಮೊಬೈಲ್ ನೋಡುತ್ತಾ ನಗುತ್ತಿದ್ದ. ತಿರುಗಿ ಹೋಗಲು ಮರ್ಯಾದೆ ಅಡ್ಡ ಬಂತು. ಬರಿಗೈಯಲ್ಲಿ ಮನೆಗೆ ಬಂದೆ.

ಬಾಗಿಲಲ್ಲೇ ಹೆಂಡತಿ ಗಿರಿಜಾ. "ಮೌಸ್ ಎಲ್ಲೈತ್ರಿ?"

"ಬ್ಯಾನಿ ಇರೂದು ಕೈಯಾಗ. ಔಷಧ ಕಾಲಿಗೆ ಯಾಕ ಹಚ್ಚೂದು? ಟಚ್‌ಪ್ಯಾಡನ್ನ ರಿಪೇರಿ ಮಾಡೂಣು ಅಂತ ಬಂದೆ."

"ಅಂದ್ರ ರೇಟ್ ಕುದುರಲಿಲ್ಲ."

ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಯ ಮುಂದೆ ವಾದ ಮಾಡುವುದರಲ್ಲಿ ಅರ್ಥವಿಲ್ಲ. ಇದು ನನ್ನ ಇನ್ನೊಂದು ಪುಕ್ಕಟೆ ಸಲಹೆ.

ಶೈಲಾ ಕೋಣೆಯ ಬಾಗಿಲು ಹಾಕಿಕೊಂಡು ಗೋಡೆಗೆ ಪಾಠ ಮಾಡುತ್ತಿದ್ದಳು. ಲ್ಯಾಪ್‌ಟಾಪ್ ಪಡಸಾಲೆಯಲ್ಲಿ ಅನಾಥವಾಗಿ ಬಿದ್ದಿತ್ತು. ರೋಗ ಪತ್ತೆಗೆ ಕೂತೆ. ಮೆಣಸಿನಕಾಯಿ ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ನಾವು ಏನು ಮಾಡುತ್ತೇವೆ? ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಣಗಿದ್ದರೆ ಒಳಗಿನ ಬೀಜ ಗಲಗಲ ಅನ್ನುತ್ತದೆ. ಲ್ಯಾಪ್‌ಟಾಪನ್ನು ಎತ್ತಿ, ಕಿವಿಗೆ ಹಿಡಿದು, ಅಲ್ಲಾಡಿಸಿದೆ.

ಗಲಗಲ ಅನ್ನಲಿಲ್ಲ. ಅಂದರೆ ಹಸಿ!

ಹಸಿ ಮಾಲಿಗೆ ಮದ್ದು ಒಂದೇ, ಬಿಸಿಲು. ನಮ್ಮ ಮಾಳಿಗೆಯ ಮೇಲೆ ಆಗಲೇ ಮೆಣಸಿನಕಾಯಿ ಹರವಿತ್ತು. ಅದರ ನಡುವೆ ಜಾಗ ಮಾಡಿ, ಲ್ಯಾಪ್‌ಟಾಪನ್ನು ತೆರೆದು, ಡೇರೆಯ ಹಾಗೆ ಬೋರಲು ನಿಲ್ಲಿಸಿದೆ. ಕಾಯಿಗಳನ್ನು ಕೈಯಾಡಿಸಿ ಮಗುಚುವಾಗ ಅದನ್ನೂ ಮಗುಚಿದೆ. ಎರಡೂ ಮಗ್ಗಲು ಸಮನಾಗಿ ಒಣಗಬೇಕಲ್ಲ! ಗಾಳಿ ಬೀಸಿತು. ಕೆಂಪು ಧೂಳು ಎದ್ದಿತು. ಚಂದದ ಮಾಲು ಎಂದು ಖುಷಿಪಟ್ಟೆ.

ಶೈಲಾ ಲ್ಯಾಪ್‌ಟಾಪ್ ಹುಡುಕುತ್ತಾ ಮಾಳಿಗೆ ಹತ್ತಿದಳು. ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಅದನ್ನು ನೋಡಿದಳು. ಎತ್ತಿಕೊಂಡು ಕೆಳಗಿಳಿದಳು. ಕೆಳಗಿನಿಂದ ಗಿರಿಜಾಳ ದನಿ ಇಡೀ ಓಣಿಗೆ ಕೇಳಿತು.

"ಅಯ್ಯ ಶಿವನ! ರೊಟ್ಟಿ ಹಂಚಿನಂಗ ಸುಡಾಕತ್ತೈತಲ್ರಿ ಇದು! ನಿಮಗ ಬುದ್ಧಿ ಯಾವಾಗ ಬರತೈತಿ?"

ಗಿರಿಜಾ ಮೊರದಿಂದ ಬೀಸಿ ಬೀಸಿ ತಣ್ಣಗೆ ಮಾಡಿದಳು. ನಾನು ಸುಮ್ಮನಿರಲಾರದೆ ಧೂಳು ಝಾಡಿಸಲು ಬ್ರಷ್ ತಂದೆ. ಅದು ಅಂಗಡಿಯ ಬ್ರಷ್ ಎಂಬುದನ್ನೂ, ಅದರಲ್ಲಿ ಎಷ್ಟು ಖಾರ ತುಂಬಿದೆ ಎಂಬುದನ್ನೂ ಆಗ ಯೋಚಿಸಲಿಲ್ಲ.

ಪುಣ್ಯಕ್ಕೆ ಯಂತ್ರ ಚಾಲೂ ಆಯಿತು. ಬಾಣ ಮಾತ್ರ ಅಲ್ಲೇ. "ಇರ್ಲಿ, ಕೀಲಿ ಒತ್ತಿನ ಸಾಗಸ್ತೀನಿ," ಎಂದು ಶೈಲಾ ಹೇಗೋ ಶಾಲೆಯವರನ್ನು ಕೂಡಿಕೊಂಡಳು. ನಾನು ಬಾಗಿಲ ಮರೆಯಲ್ಲಿ ನಿಂತೆ. ಪರದೆಯಲ್ಲಿ ಮುಖ್ಯ ಶಿಕ್ಷಕಿ, ಬಾಜು ಇನ್ನಿಬ್ಬರು. ಭಿನ್ನರಾಶಿಯ ಪಾಠ ಶುರುವಾಯಿತು. ಒಂದು ರೊಟ್ಟಿಯನ್ನು ಅರ್ಧ ಮಾಡಿದಳು, ಅರ್ಧದಲ್ಲಿ ಅರ್ಧ ಮಾಡಿದಳು, ಮೂಗು ಒರೆಸಿಕೊಂಡಳು. ಅದೇ ಕೈ ಕಣ್ಣಿಗೆ ಹೋಯಿತು. ಕಣ್ಣೀರು ಧಾರಾಕಾರ!

"ಯಾಕವ್ವಾ, ಅಳಾಕತ್ತಿ? ಹೆದರಬ್ಯಾಡ," ಎಂದರು ಮುಖ್ಯ ಶಿಕ್ಷಕಿ.

"ಅಳಾಕತ್ತಿಲ್ರಿ ಮೇಡಂ. ಖಾರ್ರಿ. ನಮ್ಮಪ್ಪ ಲ್ಯಾಪ್‌ಟಾಪ್ ಒಣಗಿಸ್ಯಾರ್ರಿ, ಮೆಣಸಿನಕಾಯಿ ಜೋಡಿ."

ಆ ಕಡೆ ಮೂವರೂ ಮುಖ ಮುಖ ನೋಡಿಕೊಂಡರು. ಈ ಕಡೆ ನಾನು ತಡೆಯಲಾರದೆ ಸೀನಿದೆ. ಬಾಗಿಲೇ ನಡುಗಿತು.

ಗಿರಿಜಾ ಒಳಗೆ ಓಡಿ, ಸೆರಗಿನಿಂದ ಮಗಳ ಮುಖ ಒರೆಸಿ, ಆ ಕೀಲಿಗಳನ್ನೂ ಒರೆಸಿದಳು. ಬಾಣ ಟಣ್ಣನೆ ಜಿಗಿಯಿತು! ಶೈಲಾ ಬಗ್ಗಿ ನೋಡಿದಳು.

"ಅಪ್ಪಾ, ಇಲ್ಲಿ ಬಾ. ಬೆಳಿಗ್ಗೆ ನೀ ಇದನ್ನ ಒರಸಿದ್ದೇನು?"

"ಒರಸಿದ್ದೆ. ಉಜ್ಜಿ ಉಜ್ಜಿ ಒರಸಿದ್ದೆ."

"ಈ ಕೀಲಿ ನೋಡು. ಟಚ್‌ಪ್ಯಾಡಿನ ಚಿತ್ರ ಐತಿಲ್ಲೋ? ಒಮ್ಮೆ ಒತ್ತಿದ್ರ ಬಂದ್, ಮತ್ತೊಮ್ಮೆ ಒತ್ತಿದ್ರ ಚಾಲೂ. ಒರಸೂ ಮುಂದ ನೀ ಒತ್ತಿಬಿಟ್ಟಿ, ಅಷ್ಟ. ತಿಳೀತ?"

"ಹಂಗಾರ ಒಳಗ ತೇವ ಇರಲಿಲ್ಲೇನು?"

"ಇರಲಿಲ್ಲಪಾ. ಎಲ್ಲಿ, ಈಗ ನೀನ ಒಮ್ಮೆ ಒತ್ತಿ ತೋರಸು."

ಒತ್ತಿದೆ. ಬಂದ್ ಆಯಿತು. ಮತ್ತೆ ಒತ್ತಿದೆ. ಚಾಲೂ. ತಲೆ ಎತ್ತಿದರೆ ಶಾಲೆಯ ಮೂವರೂ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು!

ಶೈಲಾ ಉಳಿದ ಪಾಠ ಮುಗಿಸಿದಳೇನೋ ಸರಿ, ಆದರೆ ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮಗಳ ಕೆಂಪು ಕಣ್ಣು ನೋಡಲಾಗದೆ ನಾನು ತಾಟಿನ ಕಡೆಗೇ ನೋಡುತ್ತಾ ಕೂತಿದ್ದೆ.

ಮರುದಿನ ಫೋನು ಬಂತು. ಮುಖ್ಯ ಶಿಕ್ಷಕಿಯ ದನಿ ಎಲ್ಲರಿಗೂ ಕೇಳಿತು: "ಪಾಠ ಛಲೋ ಆತು. ಅದಕ್ಕಿಂತ ಛಲೋ ಆಗಿದ್ದು ನಿಮ್ಮ ತಂದೆಯವರಿಗೆ ನೀವು ತಿಳಿಸಿ ಹೇಳಿದ್ದು. ಅಷ್ಟೆಲ್ಲಾ ಆದ್ರೂ ಒಂದ್ ಸಲ ಒದರಲಿಲ್ಲ ನೀವು. ನಮ್ಮ ಏಳನೇ ಕ್ಲಾಸಿಗೆ ಇಂಥಾ ಟೀಚರೇ ಬೇಕಾಗಿತ್ತು. ಬಂದ್ ಹಾಜರಾಗ್ರಿ."

ನನ್ನ ಕಣ್ಣಲ್ಲೂ ನೀರು ಬಂತು. ಈ ಸಲ ಖಾರದ್ದಲ್ಲ. ಕಿಲೋ ಸಕ್ಕರೆ ಹಿಡಿದು ಓಣಿಯ ಮನೆ ಮನೆಗೂ ಹಂಚಿದೆ. "ಕೆಲಸ ಸಿಕ್ಕಿದ್ದು ನನ್ನಿಂದ ನೋಡ್ರಿ! ಮೇಡಂ ತಾವ ಹೇಳ್ಯಾರ," ಎಂದು ಬಾಗಿಲು ಬಾಗಿಲಿಗೂ ಸಾರಿ ಬಂದೆ.

ಗಿರಿಜಾ ನನ್ನ ಕೈಯಿಂದ ಸಕ್ಕರೆಯ ಖಾಲಿ ಡಬ್ಬಿ ಇಸಿದುಕೊಂಡು ಕೇಳಿದಳು: "ಮೇಡಂ ಏನ್ ಹೇಳಿದ್ರು ಅನ್ನೂದು ತಿಳೀತೇನ್ರಿ ನಿಮಗ? ಅವರ ಶಾಲ್ಯಾಗ ಏಳನೇ ಕ್ಲಾಸಿನ ಹುಡುಗರು ಥೇಟ್ ನಿಮ್ಮಂಗ ಅದಾರಂತ!"

ಸಕ್ಕರೆ ಆಗಲೇ ಓಣಿಯ ಬಾಯಲ್ಲಿ ಕರಗಿತ್ತು. ವಾಪಸ್ ಕೇಳುವ ಹಾಗಿರಲಿಲ್ಲ.