ಅತ್ತೆಯೂರ ಗೋಡೆಗೆ ತೆಲುಗು ಅಕ್ಷರ

ಅಕ್ಷರದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳುವ ಅಗತ್ಯವಿರಲಿಲ್ಲ. ಹೊಸದುರ್ಗದ ಕಡೆಯಿಂದ ಚಳ್ಳಕೆರೆಗೆ ಮೇಷ್ಟ್ರಾಗಿ ಬಂದು, ನಿವೃತ್ತನಾಗುವವರೆಗೆ ಕನ್ನಡ ತಿದ್ದಿಸಿದವನು ನಾನು. ಹಾಗಾಗಿ ಗೆಳೆಯರೆಲ್ಲ ಸೇರಿ ಮೊಳಕಾಲ್ಮೂರು ಗಡಿಯ ನಮ್ಮ ಅತ್ತೆಯ ಊರಲ್ಲಿ ಕಣ್ಣಿನ ಶಿಬಿರ ಇಟ್ಟಾಗ, ಪ್ರಚಾರದ ಹೊಣೆಯನ್ನು ನಾನೇ ಕೇಳಿ ಹೊತ್ತುಕೊಂಡೆ.

ಶಿಬಿರ ಆ ಊರಿಗೇ ಹೋಗಲು ಕಾರಣವೂ ನಾನೇ. ಅತ್ತೆ ರೇಷ್ಮೆ ಸೀರೆ ನೇಯುವವರು. ಕಣ್ಣಿಗೆ ಪೊರೆ ಬಂದು, ಕಡಿದ ಎಳೆಯನ್ನು ಹುಡುಕಿ ಗಂಟು ಹಾಕಲಾಗದೆ ಮಗ್ಗದಿಂದ ಎದ್ದುಬಿಟ್ಟಿದ್ದರು. ಸುಮ್ಮನೆ ಕೂತು ಅಭ್ಯಾಸವಿಲ್ಲದ ಹೆಂಗಸು. ನೋಡಿದರೆ ಸಂಕಟವಾಗುತ್ತಿತ್ತು. ಪೊರೆ ಇದ್ದವರನ್ನು ಆಸ್ಪತ್ರೆಯ ಬಸ್ಸು ಅಂದೇ ಆಪರೇಷನ್ನಿಗೆ ಕರೆದೊಯ್ಯುವುದಿತ್ತು.

"ಅವ್ವಗೆ ಫೋನ್ ಮಾಡ್ಲೇನ್ರೀ?" ಎಂದಳು ನನ್ನಾಕೆ.

"ಬ್ಯಾಡ. ಗೋಡೆ ಮ್ಯಾಲೆ ಬರೆಸ್ತೀನಿ, ಓದಿದ ಊರಿನೋರೇ ಹೋಗಿ ಹೇಳ್ಲಿ. ಅಳಿಯನ ಹೆಸರೂ ಕಿವಿಗೆ ಬೀಳ್ಲಿ."

ಅತ್ತೆಯೂರಲ್ಲಿ ಮನೆಮಾತು ತೆಲುಗು. ಜನರನ್ನು ಜನರ ಮಾತಿನಲ್ಲೇ ತಲುಪಬೇಕೆಂಬ ಘನ ತತ್ವಕ್ಕೆ ಬದ್ಧನಾಗಿ, ಗೋಡೆಬರಹವನ್ನು ತೆಲುಗಿನಲ್ಲೇ ಹಾಕಿಸಲು ತೀರ್ಮಾನಿಸಿದೆ. ನನಗೆ ತೆಲುಗು ಬರದು. ಗಡಿಯಾಚೆಯ ಗೆಳೆಯರೊಬ್ಬರು ಬರೆದು ವಾಟ್ಸಾಪ್ ಮಾಡಿದರು. ಪೇಂಟರ್ ಬಾಷಾ ಸಾಬರಿಗೂ ತೆಲುಗು ಓದಲು ಬರದು.

"ನೀವು ಫೋನ್ ಹಿಡ್ಕೊಂಡ್ ನಿಂತ್ಕೊಳ್ರಿ ಸಾರ್. ಹೆಂಗೈತೋ ಹಂಗೇ ಇಳಿಸ್ತೀನಿ," ಎಂದರು. ಬಸ್ ನಿಲ್ದಾಣದ ಗೋಡೆಯ ತುಂಬ ನೀಲಿ ಅಕ್ಷರಗಳು ಇಳಿದವು. ಕೊನೆಯಲ್ಲಿ ಕೆಂಪು ಬಣ್ಣದಲ್ಲಿ ನನ್ನ ಹೆಸರು. ಅದು ನನ್ನ ಹೆಸರೇ ಎಂದು ನಂಬಿದೆ.

ಶಿಬಿರದ ದಿನ ಶಾಲೆಯ ಮುಂದೆ ಜನವೋ ಜನ! ನಾನು ಮದುವೆ ಯಜಮಾನನ ಹಾಗೆ ಓಡಾಡತೊಡಗಿದೆ. ಪರೀಕ್ಷೆಯೆಲ್ಲ ಮುಗಿಯುವ ಹೊತ್ತಿಗೆ, ಗದ್ದಲ ಕೇಳಿ ಅತ್ತೆ ಗೋಡೆ ಹಿಡಿದುಕೊಂಡು ಬಂದರು.

"ಇವರೆಲ್ಲ ಯಾರ್ರೀ, ಅಳಿಯಂದ್ರೇ? ನಮ್ಮೂರೋರ ದನಿ ಒಂದೂ ಕೇಳ್ತಿಲ್ವಲ್ಲ."

ವಿಚಾರಿಸಿದರೆ, ಎಲ್ಲರೂ ಆಂಧ್ರದವರು! ಗಡಿ ದಾಟುವ ಅವರ ಬಸ್ಸು ಆ ಗೋಡೆಯ ಎದುರಿಗೇ ನಿಲ್ಲುತ್ತದೆ. ಓದಿದವರು ಊರಿಗೆ ಹೋಗಿ ಹೇಳಿದ್ದಾರೆ. ಅತ್ತೆಯೂರಿನವರು ಮನೆಯಲ್ಲಿ ತೆಲುಗು ಆಡಿದರೂ ಶಾಲೆಯಲ್ಲಿ ಕಲಿತದ್ದು ಕನ್ನಡ ಅಕ್ಷರ. ಅಲ್ಲೊಂದು ಇಲ್ಲೊಂದು ಅಕ್ಷರದ ಗುರುತು ಸಿಕ್ಕವರೂ, ಆಂಧ್ರದ ಯಾವುದೋ ಅಂಗಡಿಯ ಜಾಹೀರಾತು ಎಂದುಕೊಂಡು ಅದರ ಕೆಳಗೇ ಕೂತು ಬೀಡಿ ಸೇದಿದ್ದಾರೆ.

ಆಸ್ಪತ್ರೆಯ ಬಸ್ಸು ಆಗಲೇ ತುಂಬಿತ್ತು. ಯಾರನ್ನಾದರೂ ಇಳಿಸಿ ಅತ್ತೆಯನ್ನು ಹತ್ತಿಸಲು ಮುಂದಾದೆ. ಅವರೇ ನನ್ನನ್ನು ತಡೆದರು.

"ಬ್ಯಾಡ್ರಿ. ನೀವು ಕರೆದಿದ್ದಕ್ಕೆ ನಂಬ್ಕೊಂಡು ಬಂದೋರು. ಇಳಿಸಬಾರ್ದು. ನಾನು ಮುಂದಿನ ಸಲ ಹೋಗ್ತೀನಿ."

ಬಸ್ಸು ಹೊರಟಿತು. ಕಿಟಕಿಯಿಂದ ಆಂಧ್ರದ ಅಜ್ಜಿಯರು ನನಗೆ ಕೈ ಮುಗಿದರು. ನಾಚಿಕೆಯಿಂದ ತಲೆ ತಗ್ಗಿಸಿದೆ.

ಮನೆಯಲ್ಲಿ ನನ್ನಾಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕನ್ನಡ ಅಕ್ಷರದಾಗೆ ತೆಲುಗು ಬರ್ಸಿದ್ರೆ ಆಗ್ತಿತ್ತು. ನಮ್ಮೂರಾಗೆ ಸೋಬಾನೆ ಪದ ಹಂಗೇ ಬರ್ಕೊಳ್ತೀವಿ. ನನ್ನ ಒಂದ್ ಮಾತು ಕೇಳಬಾರ್ದಿತ್ತಾ?"

"ನಿಮ್ಮವ್ವ ನನ್ನ ಹತ್ರ ಕನ್ನಡಾನೇ ಆಡ್ತಾರೆ. ನಂಗೆ ಹೆಂಗೆ ಗೊತ್ತಾಗ್ಬೇಕು ಇದೆಲ್ಲ?"

"ನೀವು ತೆಲುಗು ಕಲೀಲಿಲ್ಲ. ಅದ್ಕೇ ಅವ್ವ ನಿಮಗೋಸ್ಕರ ಕನ್ನಡ ಹುಡುಕಿ ಹುಡುಕಿ ಆಡ್ತಾಳೆ."

ಇಷ್ಟು ವರ್ಷ ಅವರ ಮನೆಯಲ್ಲಿ ಉಂಡು ಬಂದಿದ್ದೇನೆ. ಒಂದು ದಿನವೂ ಇದು ಹೊಳೆದಿರಲಿಲ್ಲ.

ಮುಂದಿನ ಶಿಬಿರಕ್ಕೆ ಅವಳು ಹೇಳಿದಳು, ನಾನು ಬರೆದುಕೊಂಡೆ: 'ಉಚಿತಂಗಾ ಕಂಡ್ಲು ಚೂಸ್ತಾರು.' ಅಕ್ಷರ ಕನ್ನಡ, ಮಾತು ತೆಲುಗು. ಕಣ್ಣನ್ನು ಪುಕ್ಕಟೆ ನೋಡುತ್ತಾರೆ ಎಂಬ ಅರ್ಥವನ್ನು ಕನ್ನಡ ಮೇಷ್ಟ್ರು ಹೆಂಡತಿಯಿಂದ ಕೇಳಿ ತಿಳಿಯಬೇಕಾಯಿತು. ಊರಿಗೆ ಊರೇ ಬಂತು. ಅತ್ತೆಗೆ ಆಪರೇಷನ್ನೂ ಆಯಿತು.

ಪಟ್ಟಿ ಬಿಚ್ಚಿದಾಗ ಅತ್ತೆ ನನ್ನ ಮುಖವನ್ನೇ ದಿಟ್ಟಿಸಿ ತೆಲುಗಿನಲ್ಲಿ ಏನೋ ಅಂದರು. ವಾರ್ಡಿನವರೆಲ್ಲ ನಕ್ಕರು. ಅರ್ಥವಾದವನ ಹಾಗೆ ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ.

"ನೀವ್ಯಾಕೆ ನಗ್ತೀರಿ?" ಎಂದಳು ನನ್ನಾಕೆ. "ಪೊರೆ ಇದ್ದಾಗಲೇ ಅಳಿಯ ಚೆಂದ ಕಾಣ್ತಿದ್ರು ಅಂದ್ಲು ಅವ್ವ."