ಕಾಯಿಲ್ ಮೇಲಿನ ಅಪವಾದ

ದೌಲತಾಬಾದ್ ಘಾಟಿನ ಏರಿನಲ್ಲಿ ಇಳಕಲ್ ಸೀರೆ ಉಟ್ಟು ಮೋಟರ್‌ಸೈಕಲ್ ನೂಕಿದ ಹೆಂಗಸಿಗೆ ಎಷ್ಟು ಸಿಟ್ಟು ಬರುತ್ತದೆಂದು ತಿಳಿಯಬೇಕಾದರೆ ಅರವಿಂದನನ್ನು ಕೇಳಬೇಕು. ಸತತ ಎರಡು ತಿಂಗಳು, ತಿಂಗಳಿಗೊಂದು ಸಲ, ಅವನ ಗಾಡಿ ಅದೇ ಏರಿನಲ್ಲಿ ಬಂದ್ ಬಿದ್ದಿತ್ತು. ಎರಡು ಸಲವೂ ನೂಕಿದವಳು ಅವನ ಧರ್ಮಪತ್ನಿ ಮಂದಾಕಿನಿ. ಎರಡನೆಯ ಸಲವಂತೂ ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳು ಬಸ್ಸಿನ ಕಿಟಕಿಯಿಂದ ಚಪ್ಪಾಳೆ ಹೊಡೆದಿದ್ದರು.

"ಇನ್ನೊಂದ್ ಸಲ ನಿಲ್ಲಲಿ ಇದು," ಎಂದಳು ಮನೆಗೆ ಬಂದು ಸೆರಗು ಝಾಡಿಸುತ್ತ. "ಅಲ್ಲೇ ಗುಜರಿಯವನ್ನ ಕರಸ್ತೀನಿ. ನಿಮಗ ಸ್ಕೂಟರ್ ಸಾಕು. ನೆಲಕ್ಕ ಕಾಲರೆ ಮುಟ್ತಾವ."

ಅದು ಅರವಿಂದ ಮೊದಲ ನೌಕರಿಯಲ್ಲಿ ಕೊಂಡ ಗಾಡಿ. ಬ್ಯಾಂಕು ಅವನನ್ನು ವಿಜಯಪುರದಿಂದ ಸಂಭಾಜಿನಗರಕ್ಕೆ, ಅಂದರೆ ಹಳೆಯ ಔರಂಗಾಬಾದಿಗೆ, ವರ್ಗ ಮಾಡಿದಾಗ ಸಾಮಾನಿನ ಲಾರಿಯಲ್ಲಿ ಅದಕ್ಕೆ ಎರಡು ಗಾದಿ ಸುತ್ತಿದ್ದ. (ಹೆಂಡತಿಯ ತವರಿನಿಂದ ಬಂದ ಕಪಾಟಿಗೆ ಒಂದು ಹರಕು ಚಾದರ ಸಿಕ್ಕಿತ್ತು. ಆ ವಿಷಯ ಇಂದಿಗೂ ಆಗಾಗ ಮೇಲೆ ಬರುತ್ತದೆ.) ಪ್ರತಿ ಅಮಾವಾಸ್ಯೆಗೆ ಗಾಡಿ ತೊಳೆದು, ಪೂಜೆ ಮಾಡಿ, ಕಾಯಿ ಒಡೆದು, ಗಾಲಿಯ ಕೆಳಗೆ ಲಿಂಬೆಹಣ್ಣು ಇಡುವುದನ್ನು ಅವನು ಒಮ್ಮೆಯೂ ತಪ್ಪಿಸಿರಲಿಲ್ಲ. ಮರುದಿನ ಗಂಡಹೆಂಡತಿ ಅದರ ಮೇಲೆಯೇ ಎಲ್ಲೋರಾದ ವೇರೂಳಿಗೆ ಹೋಗಿ ಘೃಷ್ಣೇಶ್ವರನಿಗೆ ಕೈಮುಗಿದು ಬರುವುದು ಮಂದಾಕಿನಿ ಹೊತ್ತ ಹರಕೆ.

ಅಂದರೆ ಗಾಡಿಯ ಆಯುಷ್ಯ ಮುಂದಿನ ಅಮಾವಾಸ್ಯೆಯ ಮರುದಿನದವರೆಗೆ!

ದೌಲತಾಬಾದ್ ನಾಕಾದ ಹತ್ತಿರ ಆಳಂದದ ಕಡೆಯ ಯಲ್ಲಾಲಿಂಗನ ಗ್ಯಾರೇಜು. ಅರವಿಂದ ಒಯ್ದ ಗಾಡಿಯನ್ನು ಅವನು ಒಂದು ಸುತ್ತು ಓಡಿಸಿ ಬಂದ. "ಚೊಲೋನೇ ಓಡ್ತದಲ್ರಿ ಸರ. ಪ್ಲಗ್ ಬಿಚ್ಚಿ ನೋಡೂಣೇನ್ರಿ?"

"ಪ್ಲಗ್ ಮುಟ್ಟಬ್ಯಾಡೋ ತಮ್ಮ. ಅದನ್ನ ನಾನಽ ಸ್ವತಃ ನೋಡ್ಕೋತೀನಿ," ಎಂದ ಅರವಿಂದ. "ಇದು ಕಿಡಿ ಹಾರಿಸೋ ಮಾಡ್ಯೂಲಿಂದು, ಇಲ್ಲಾ ಕರೆಂಟ್ ಹೆಚ್ಚಿಸೋ ಕಾಯಿಲಿಂದು ತಪ್ಪು. ನಾ ಎಲ್ಲಾ ಓದೀನಿ."

ಹೌದು, ಓದಿದ್ದ. ಮೊಬೈಲಿನಲ್ಲಿ ಹದಿನೈದು ದಿನ ಅಖಂಡ ಪಾರಾಯಣ ನಡೆದಿತ್ತು. ಕಂಪನಿಯ ಮಾಲು ಬೇಡ, ಹೊರಗಿನವರು ತಯಾರಿಸುವ ಮಾಡ್ಯೂಲು ಹೆಚ್ಚು ಚುರುಕು ಎಂದು ಒಬ್ಬ ಮಹಾನುಭಾವ ಬರೆದಿದ್ದ. ಆ ಮಾಡ್ಯೂಲಿಗೆ ಈ ಕಾಯಿಲು ಕೂಡಿದರೆ ಸುಟ್ಟುಹೋಗುತ್ತದೆ ಎಂದು ಇನ್ನೊಬ್ಬ ಹೆದರಿಸಿದ್ದ. ಅರವಿಂದ ಹಾಳೆಯ ಮೇಲೆ ಗೆರೆ ಎಳೆದು ಯಾವುದಕ್ಕೆ ಯಾವುದು ಕೂಡಿಬರುತ್ತದೆಂದು ಲೆಕ್ಕ ಹಾಕುತ್ತಿದ್ದ.

"ನಮ್ಮ ಲಗ್ನದಾಗೂ ಇಷ್ಟು ಕುಂಡಲಿ ನೋಡಿದ್ದಿಲ್ಲ," ಎಂದಳು ಮಂದಾಕಿನಿ.

"ಅದಕ್ಕಽ ಅಲ್ಲೇನು..." ಎಂದು ಆರಂಭಿಸಿದ ಅರವಿಂದ ಆಕೆಯ ಮುಖ ನೋಡಿ ವಾಕ್ಯವನ್ನು ಅಲ್ಲಿಯೇ ನುಂಗಿದ.

ಅಷ್ಟರಲ್ಲಿ ಬ್ಯಾಂಕಿನ ತರಬೇತಿಗೆಂದು ನಾಸಿಕಕ್ಕೆ ಹೋಗುವ ಯೋಗ ಬಂತು. ತರಬೇತಿಯಲ್ಲಿ ಏನು ಹೇಳಿಕೊಟ್ಟರೋ ಅವನಿಗೆ ನೆನಪಿಲ್ಲ. ಸಂಜೆ ಬಿಡಿಭಾಗದ ಅಂಗಡಿಯಲ್ಲಿ ಮಾತ್ರ ಒಂದೂವರೆ ತಾಸು ನಿಂತಿದ್ದ. ಕೌಂಟರಿನ ಶಬಾನಾ ಮೂರು ನಮೂನೆಯ ಮಾಡ್ಯೂಲು, ನಾಲ್ಕು ನಮೂನೆಯ ಕಾಯಿಲು ಮುಂದಿಟ್ಟಳು. ಅವನ ಪ್ರಶ್ನೆ ಮೂವತ್ತು ದಾಟಿದ ಮೇಲೆ ಕೈಮುಗಿದು ಕೇಳಿದಳು: "ಸಾಹೇಬ್, ಗಾಡೀ ಮೇ ಲಗಾನಾ ಹೈ ಯಾ ರಾಕೆಟ್ ಮೇ?"

ಕಡೆಗೆ ಎಲ್ಲಕ್ಕಿಂತ ತುಟ್ಟಿಯದನ್ನು ತಂದ. ಯಲ್ಲಾಲಿಂಗ ಹಳೆಯ ಮಾಡ್ಯೂಲು, ಕಾಯಿಲು ಬಿಚ್ಚಿ ಚೀಲದಲ್ಲಿ ಹಾಕಿ ಕೊಟ್ಟು, ಹೊಸದನ್ನು ಕೂಡಿಸಿದ. ಗಾಡಿ ಗುರ್ ಎಂದಿತು. ಅಮಾವಾಸ್ಯೆಯಂದು ಅರವಿಂದ ಹೊಸ ಅಂಗಾಂಗಗಳ ಗೌರವಾರ್ಥ ಎಂದಿಗಿಂತ ಭರ್ಜರಿ ಪೂಜೆ ಮಾಡಿದ.

ಮರುದಿನ ಬೆಳಿಗ್ಗೆ ಹೊರಟರು. ನಾಕಾ ದಾಟಿತು, ಕೋಟೆ ದಾಟಿತು. "ನೋಡು, ಹೆಂಗ ಹೊಂಟದ!" ಎಂದು ಅವನು ಹಿಂದೆ ತಿರುಗಿ ಹೇಳುವುದಕ್ಕೂ ಗಾಡಿ ಘಾಟಿನ ಏರಿನಲ್ಲಿ ಎರಡು ಸಲ ಕೆಮ್ಮಿ ನಿಲ್ಲುವುದಕ್ಕೂ ಸರಿಹೋಯಿತು. ಅದೇ ಏರು, ಅದೇ ತಿರುವು.

ಮಂದಾಕಿನಿ ಇಳಿದಳು. ನೂಕಲಿಲ್ಲ. ಮೊಬೈಲು ತೆಗೆದಳು.

"ಗುಜರಿಯವಂಗ ಏನ?" ಅರವಿಂದ ಗಾಡಿಗೆ ಅಡ್ಡ ನಿಂತ.

"ಮೊದಲ ಯಲ್ಲಾಲಿಂಗಗ. ಅವ ಕೈ ಎತ್ತಲಿ, ಆಮ್ಯಾಲ ಅವಂಗ."

ಯಲ್ಲಾಲಿಂಗ ಅರ್ಧ ತಾಸಿನಲ್ಲಿ ಬಂದ. ಅರವಿಂದ ಬೇಡ ಬೇಡ ಎನ್ನುತ್ತಿದ್ದಂತೆ ಪ್ಲಗ್ಗಿನ ಟೊಪ್ಪಿಗೆ ಕಿತ್ತ. ಕಿತ್ತವನು ಹಾಗೆಯೇ ನೋಡುತ್ತ ನಿಂತ. ಒಳಗೆ ಪ್ಲಗ್ಗಿನ ಬಿಳಿಯ ಪಿಂಗಾಣಿ ಕಾಣಲೇ ಇಲ್ಲ. ಪದರು ಪದರು ವಿಭೂತಿ, ಮೇಲೆ ಹಸಿ ಕುಂಕುಮ, ಅದರ ಮೇಲೆ ತೆಂಗಿನಕಾಯಿ ನೀರಿನ ಅಂಟು.

"ಸರ, ಇದು ಪ್ಲಗ್ಗೋ, ಗದ್ದಿಗಿಯೋ?"

"ಕಿಡಿ ಹುಟ್ಟೋ ಜಾಗಾ ಅಲ್ಲೇನೋ ಅದು," ಎಂದ ಅರವಿಂದ ಸಣ್ಣ ದನಿಯಲ್ಲಿ. "ಈ ಮೂರ್ ಅಮಾವಾಸಿಯಿಂದ ಟೊಪ್ಪಿಗಿ ತಗದು ಅದಕ್ಕೂ ಹಚ್ಚಾಕತ್ತೀನಿ."

"ಹಸಿ ಇದ್ದಾಗ ಕಿಡಿ ಒಳಗ ಹೋಗೂದಽ ಇಲ್ರಿ, ಹೊರಗಿಂದ ಹೊರಗ ಹರದು ಹೋಗ್ತದ. ಏರಿನಾಗ ಜೋರ್ ಬಿದ್ದಕೂಡ್ಲೆ ಬಂದ್. ಒಣಗಿದ ಮ್ಯಾಲ ಎಲ್ಲಾ ಚೊಲೋ. ಹಳೇ ಕಾಯಿಲಿಗೆ ಏನೂ ಆಗಿದ್ದಿಲ್ರಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು! ಯಲ್ಲಾಲಿಂಗ ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸಿ ಒಂದೇ ಕಿಕ್ ಹೊಡೆದ. ಗಾಡಿ ಚಾಲೂ ಆಯಿತು.

ಆದರೂ ಗಾಡಿ ನಿಂತದ್ದಂತೂ ನಿಂತಿತ್ತು. ಮಾತಿನ ಪ್ರಕಾರ ಗುಜರಿಯೇ. ಆಗ ಪಕ್ಕದಲ್ಲಿ ವಿಚಿತ್ರ ಸದ್ದು ಕೇಳಿಸಿತು. ಮಂದಾಕಿನಿ ದಾರಿಬದಿಯ ಕಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಗಾಡಿ ಮಾರೂದಿಲ್ಲೇಳ್ರಿ," ಎಂದಳು ಕಣ್ಣೊರೆಸಿಕೊಂಡು. "ಅದರದೇನ್ ತಪ್ಪು, ಪಾಪ! ಗುಜರಿಗೆ ಹಾಕೂದಾದ್ರ ನಿಮ್ಮನ್ನಽ ಹಾಕಬೇಕು. ಆದ್ರ ಯಾರು ತಗೋತಾರ?"

ಅರವಿಂದನಿಗೆ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಇಷ್ಟು ಹಿತವಾದ ಬೈಗುಳ ಸಿಕ್ಕಿರಲಿಲ್ಲ. ಅವನು ಅಲ್ಲಿಯೇ ನಿಂತು ಘೃಷ್ಣೇಶ್ವರನಿಗೆ ಒಂದು, ಹೆಂಡತಿಗೆ ಒಂದು ನಮಸ್ಕಾರ ಹಾಕಿದ.

ಈಗ ಅವರ ದೇವರ ಜಗಲಿಯ ಮೂಲೆಯಲ್ಲಿ ಹಳೆಯ ಮಾಡ್ಯೂಲು, ಕಾಯಿಲು ಎರಡೂ ಕೂತಿವೆ. "ಸುಳ್ಳೇ ಅಪವಾದ ಹೊರಿಸೀರಿ, ಪೂಜಾ ಅವಕ್ಕಽ ಮಾಡ್ರಿ," ಎಂಬುದು ಮಂದಾಕಿನಿಯ ಅಪ್ಪಣೆ. ಅರವಿಂದ ಅಮಾವಾಸ್ಯೆಗೊಮ್ಮೆ ಅವಕ್ಕೆ ಮನದಣಿಯೆ ವಿಭೂತಿ ಕುಂಕುಮ ಹಚ್ಚುತ್ತಾನೆ. ಆಮೇಲೆ ಸೋಪು ಹಾಕಿ ಕೈ ತೊಳೆದು, ಹಿಂದೊಮ್ಮೆ ಮುಂದೊಮ್ಮೆ ಹೊರಳಿಸಿ ಹೆಂಡತಿಗೆ ತೋರಿಸುತ್ತಾನೆ. ಉಗುರಿನ ಸಂದಿಯವರೆಗೆ ಪರೀಕ್ಷೆ ಮುಗಿದ ಮೇಲೆ ಗಾಡಿಯ ಕೀಲಿಕೈ ಅವನಿಗೆ ಸಿಗುತ್ತದೆ.